‘ಹೆಂಗಿದೆ ಮಗಾ, ಆ ಗೇಮು?’

ಶನಿವಾರ ರಾತ್ರಿ ಹನ್ನೊಂದೂವರೆ. ಬೆಂಗಳೂರಿನ ಯಾವುದೋ ಪೀಜಿಯ ಮೂರನೇ ಮಹಡಿ. ಲ್ಯಾಪ್‌ಟಾಪಿನ ಫ್ಯಾನ್ ಬುಸುಗುಡುತ್ತಿದೆ. ಪರದೆಯ ಮೇಲೆ ಒಬ್ಬ ಖಡ್ಗಧಾರಿ ಅದೇ ರಾಕ್ಷಸನ ಕೈಯಲ್ಲಿ ಮತ್ತೊಮ್ಮೆ ಸತ್ತು ಬಿದ್ದಿದ್ದಾನೆ. ಹೆಡ್‌ಫೋನಿನಲ್ಲಿ ಶಿವಮೊಗ್ಗದ ಗೆಳೆಯನ ದನಿ: ‘ಹೆಂಗಿದೆ ಮಗಾ, ಆ ಗೇಮು? ತಗೊಳ್ಳಾ?’

‘ಗ್ರಾಫಿಕ್ಸ್ ಬೆಂಕಿ ಮಗಾ. ಆದ್ರೆ ಈ ಬಾಸ್ ಹತ್ರ ಸಿಕ್ಕಾಕ್ಕೊಂಡಿದೀನಿ, ತಲೆ ಕೆಟ್ಟೋಗಿದೆ. ಸದ್ಯಕ್ಕೆ ಬೇಡ, ಸೇಲ್ ಬರ್ಲಿ.’

ಆಟ ಕಾಲು ಭಾಗವೂ ಮುಗಿದಿಲ್ಲ, ಅಭಿಪ್ರಾಯ ಮಾತ್ರ ಹೊರಬಿತ್ತು. ಅದನ್ನು ನಂಬಿ ಇನ್ನೊಬ್ಬ ತನ್ನ ಎರಡು–ಮೂರು ಸಾವಿರ ರೂಪಾಯಿಯನ್ನು ಜೇಬಿನಲ್ಲೇ ಉಳಿಸಿಕೊಂಡ.

ಪುಸ್ತಕವಾದರೆ ಓದಿ ಮುಗಿಸಿ ಮಾತಾಡುತ್ತೇವೆ. ವಿಡಿಯೊ ಗೇಮ್ ವಿಷಯದಲ್ಲಿ ಹಾಗೆ ಕಾಯಲು ಆಗುವುದಿಲ್ಲ. ದೊಡ್ಡ ಆಟಗಳಿಗೆ 30, 50, ಕೆಲವಕ್ಕೆ 100 ಗಂಟೆಯೂ ಬೇಕು. ಗೆಳೆಯರ ಜತೆ ದಿನಾ ಆಡುವ ಗುಂಡಿನ ಕಾಳಗದ ಆಟಗಳಿಗಂತೂ ಮುಕ್ತಾಯವೆಂಬುದೇ ಇಲ್ಲ. ಹಾಗಾಗಿ ಆಟಗಳ ಬಗ್ಗೆ ನಮ್ಮ ಕಿವಿಗೆ ಬೀಳುವ ಮಾತಿನಲ್ಲಿ ಬಹುಪಾಲು ಇನ್ನೂ ಆಡುತ್ತಿರುವವರದು. ಇಂಟರ್ವಲ್‌ನಲ್ಲಿ ಟೀ ಹೀರುತ್ತ ಸಿನಿಮಾ ಬಗ್ಗೆ ಹೇಳಿದ ಹಾಗೆ. ಆದರೆ ಇಂಟರ್ವಲ್ ಮಾತು ಕೇಳಿ ಯಾವ ನಿರ್ದೇಶಕನೂ ದ್ವಿತೀಯಾರ್ಧವನ್ನು ಮತ್ತೆ ಚಿತ್ರೀಕರಿಸುವುದಿಲ್ಲ. ಗೇಮ್ ತಯಾರಕರು ಅದನ್ನೂ ಮಾಡುತ್ತಾರೆ.

ಆಡುತ್ತಾ ಆಡುತ್ತಾ ಹೇಳುವ ಈ ಮಾತಿಗೆ ಇಷ್ಟು ತೂಕ ಬಂದದ್ದು ಹೇಗೆ? ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಕ್ಯಾಸೆಟ್ಟಿನಿಂದ ಅಂಕಪಟ್ಟಿಗೆ

ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ವಿಡಿಯೊ ಗೇಮ್ ಎಂದರೆ ಟಿವಿಗೆ ಸಿಕ್ಕಿಸುವ ಪೆಟ್ಟಿಗೆ, ಅದಕ್ಕೊಂದು ‘ಕ್ಯಾಸೆಟ್’. ಮೇಲೆ ‘9999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ಹಾಕಿ ನೋಡಿದರೆ ಮಾರಿಯೊ, ಕಾಂಟ್ರಾದಂಥ ಕೆಲವೇ ಆಟಗಳು ಬೇರೆ ಬೇರೆ ಹೆಸರಿನಲ್ಲಿ ತಿರುತಿರುಗಿ ಬರುತ್ತಿದ್ದವು. ಯಾವ ಕ್ಯಾಸೆಟ್ ಒಳ್ಳೆಯದು ಎಂದು ಹೇಳಬೇಕಾದವನು ಪಕ್ಕದ ಮನೆಯ ಹುಡುಗನೇ.

ಹೊರದೇಶಗಳಲ್ಲಿ ಆ ಕೆಲಸವನ್ನು ಪತ್ರಿಕೆಗಳು ಮಾಡುತ್ತಿದ್ದವು. ಜಪಾನಿನಲ್ಲಿ 1986ರಲ್ಲಿ ಶುರುವಾದ ‘ಫಾಮಿತ್ಸು’ ಪತ್ರಿಕೆಯಲ್ಲಿ ಒಂದೊಂದು ಆಟವನ್ನೂ ನಾಲ್ವರು ವಿಮರ್ಶಕರು ಆಡಿ, ತಲಾ 10ರಂತೆ ಒಟ್ಟು 40ಕ್ಕೆ ಅಂಕ ಕೊಡುವ ಪದ್ಧತಿ ಬೆಳೆಯಿತು. ಪೂರ್ತಿ 40 ಅಂಕ ಮೊದಲು ಸಿಕ್ಕಿದ್ದು 1998ರಲ್ಲಿ, ನಿಂಟೆಂಡೊ ಕಂಪನಿಯ ‘ಜೆಲ್ಡಾ: ಒಕರಿನಾ ಆಫ್ ಟೈಮ್’ ಆಟಕ್ಕೆ. ಆಗ ಆಟ ಅಂಗಡಿಗೆ ಬಂದಿತೆಂದರೆ ಮುಗಿಯಿತು. ಕ್ಯಾಸೆಟ್ಟಿನೊಳಗಿನ ತಪ್ಪು ಅಲ್ಲೇ ಉಳಿಯುತ್ತಿತ್ತು. ತಿದ್ದಲು ಆಗದ್ದರ ಮೇಲೆ ಒಮ್ಮೆ ತೀರ್ಪು ಕೊಟ್ಟರೆ ಸಾಕಾಗುತ್ತಿತ್ತು.

2001ರಲ್ಲಿ ಬಂದ ‘ಮೆಟಾಕ್ರಿಟಿಕ್’ ಎಂಬ ಜಾಲತಾಣ ವಿಮರ್ಶಕರ ಅಂಕಗಳನ್ನೆಲ್ಲ ಸೇರಿಸಿ ನೂರಕ್ಕೆ ಇಷ್ಟು ಎಂಬ ಸರಾಸರಿ ತೆಗೆಯತೊಡಗಿತು. ಆ ಸಂಖ್ಯೆ ಕಂಪನಿಗಳ ಒಪ್ಪಂದಪತ್ರಗಳೊಳಗೂ ನುಸುಳಿತು. 2010ರ ‘ಫಾಲ್‌ಔಟ್: ನ್ಯೂ ವೇಗಸ್’ ಆಟ ಮಾಡಿದ ಆಬ್ಸಿಡಿಯನ್ ಸ್ಟುಡಿಯೊಗೆ 85 ಅಂಕ ಬಂದರೆ ಬೋನಸ್ ಎಂಬ ಮಾತಾಗಿತ್ತು. ಬಂದದ್ದು 84. ಬೋನಸ್ ತಪ್ಪಿತು ಎಂದು ಸಂಸ್ಥೆಯ ಸಹಸ್ಥಾಪಕ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗಪಡಿಸಿದಾಗ, ಒಂದೇ ಒಂದು ಅಂಕಕ್ಕೆ ಎಷ್ಟು ಜನರ ದುಡಿಮೆ ತೂಗಿಬಿಡುತ್ತದೆ ಎಂಬುದು ಹೊರಗಿನವರಿಗೂ ತಿಳಿಯಿತು.

ಅಲ್ಲಿಯವರೆಗೂ ಮಾತು ವಿಮರ್ಶಕರದೇ. ಆಟಗಾರರ ಸರದಿ ಬಂದದ್ದು ಅಂಗಡಿಯೇ ಅಂತರ್ಜಾಲಕ್ಕೆ ಹೋದ ಮೇಲೆ.

ಹೆಬ್ಬೆರಳ ಲೆಕ್ಕ

ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ ಶುರುಮಾಡಿದ ‘ಸ್ಟೀಮ್’ ಇವತ್ತು ಕಂಪ್ಯೂಟರ್ ಆಟಗಳ ಅತಿದೊಡ್ಡ ಅಂಗಡಿ. 2013ರ ನವೆಂಬರ್‌ನಲ್ಲಿ ಅದು ಆಟಗಾರರಿಗೂ ವಿಮರ್ಶೆ ಬರೆಯಲು ಅವಕಾಶ ಕೊಟ್ಟಿತು. ಅಲ್ಲಿ ನಕ್ಷತ್ರಗಳಿಲ್ಲ, ಹತ್ತಕ್ಕೆ ಎಂಟೂವರೆ ಎಂಬ ಚೌಕಾಸಿಯೂ ಇಲ್ಲ. ಹೆಬ್ಬೆರಳು ಮೇಲೆ ಅಥವಾ ಕೆಳಗೆ: ಬೇರೆಯವರಿಗೆ ಹೇಳುತ್ತೀರೋ ಇಲ್ಲವೋ, ಅಷ್ಟೇ.

ಒಂದು ವಿಮರ್ಶೆಯನ್ನು ಹತ್ತಿರದಿಂದ ನೋಡೋಣ. ಮೇಲ್ಗಡೆ ಹೆಬ್ಬೆರಳು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಂಖ್ಯೆ: ಈವರೆಗೆ ಒಟ್ಟು ಎಷ್ಟು ಗಂಟೆ ಆಡಿದ್ದಾರೆ, ವಿಮರ್ಶೆ ಬರೆದಾಗ ಎಷ್ಟು ಗಂಟೆ ಆಡಿದ್ದರು. ಕೆಳಗೆ ತಾರೀಖು, ಆಮೇಲೆ ಬರಹ. ಕೊನೆಯಲ್ಲಿ ‘ಉಪಯೋಗವಾಯಿತು’, ‘ನಗು ಬಂತು’ ಎಂದು ಓದುಗರು ಒತ್ತಿದ ಮತಗಳು. ಬರಹಕ್ಕಿಂತ ಹೆಚ್ಚು ವಿಷಯ ಹೇಳುವುದು ಆ ಎರಡು ಸಂಖ್ಯೆಗಳೇ. ಒಂದು ಗಂಟೆ ಆಡಿ ‘ಅದ್ಭುತ’ ಎಂದು ಬರೆದವನು ಆಮೇಲೆ ಆಟವನ್ನು ಮುಟ್ಟೇ ಇಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ. ‘ಶುದ್ಧ ಟೈಮ್ ವೇಸ್ಟ್’ ಎಂದು ಬರೆದ ಮೇಲೂ ಇನ್ನೂರು ಗಂಟೆ ಆಡಿದವನ ಗುಟ್ಟೂ ರಟ್ಟಾಗುತ್ತದೆ.

ಇಂಥ ಸಾವಿರಾರು ಹೆಬ್ಬೆರಳುಗಳನ್ನು ಕೂಡಿಸಿ ಸ್ಟೀಮ್ ಆಟಕ್ಕೊಂದು ಪಟ್ಟಿ ಅಂಟಿಸುತ್ತದೆ. ನೂರಕ್ಕೆ 95 ಮಂದಿ ಮೆಚ್ಚಿದರೆ ಭರ್ಜರಿ ಮೆಚ್ಚುಗೆಯ ಪಟ್ಟಿ. 40ರಿಂದ 69ರ ನಡುವೆ ಇದ್ದರೆ ‘ಮಿಶ್ರ’. ಒಟ್ಟಾರೆ ಅಭಿಪ್ರಾಯ ಬೇರೆ, ಇತ್ತೀಚಿನ 30 ದಿನಗಳ ಅಭಿಪ್ರಾಯ ಬೇರೆ ಎಂದು ತೋರಿಸುವುದೂ ಉಂಟು. ಆಟ ಬದಲಾಗುತ್ತಿರುತ್ತದೆ, ಆದ್ದರಿಂದ ಹಳೆಯ ಮಾತು ಹಳಸಿರಬಹುದು ಎಂದು ಅಂಗಡಿಯೇ ಒಪ್ಪಿಕೊಂಡ ಹಾಗಾಯಿತು.

2015ರಿಂದ ಇನ್ನೊಂದು ಅನುಕೂಲವಿದೆ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಆದ್ದರಿಂದ ಮೊದಲ ಎರಡು ಗಂಟೆ ಗಿರಾಕಿಗೂ ತಯಾರಕರಿಗೂ ಪರೀಕ್ಷೆಯ ಸಮಯ.

36 ಗಂಟೆ ಕಾಯಿರಿ

ಆಡುವಾಗಿನ ಮಾತಿಗೂ ಆಡದೆ ಆಡಿದ ಮಾತಿಗೂ ಇರುವ ಅಂತರ ಎಲ್ಲರಿಗೂ ಕಂಡದ್ದು 2020ರ ಜೂನ್ 19ರಂದು. ಅಂದು ನಾಟಿ ಡಾಗ್ ಸ್ಟುಡಿಯೊದ ‘ದಿ ಲಾಸ್ಟ್ ಆಫ್ ಅಸ್’ ಎರಡನೇ ಭಾಗ ಬಿಡುಗಡೆಯಾಯಿತು. ವಿಮರ್ಶಕರು ಮೊದಲೇ ಆಡಿ ಹೊಗಳಿದ್ದರು. ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಮೆಟಾಕ್ರಿಟಿಕ್‌ನಲ್ಲಿ ಸಾರ್ವಜನಿಕರ ಅಂಕ ನೆಲಕಚ್ಚಿತು. ಸೊನ್ನೆ ಕೊಟ್ಟವರ ಸಾಲೇ ಸಾಲು.

ಆ ಆಟ ಮುಗಿಯಲು ಸುಮಾರು 25 ಗಂಟೆ ಬೇಕು. ಬೆಳಿಗ್ಗೆ ಬಿಡುಗಡೆಯಾಗಿ ಮಧ್ಯಾಹ್ನ ಸೊನ್ನೆ ಬಿತ್ತೆಂದರೆ ಆ ಸೊನ್ನೆ ಆಟಕ್ಕಲ್ಲ. ಕೆಲವು ವಾರಗಳ ಹಿಂದೆಯೇ ಕಥೆಯ ತುಣುಕುಗಳು ಸೋರಿಹೋಗಿದ್ದವು. ಪ್ರಿಯವಾದ ಪಾತ್ರಕ್ಕೆ ಹೀಗಾಗುತ್ತದಂತೆ ಎಂದು ಕೇಳಿಯೇ ಸಿಟ್ಟಾದವರು ಬಿಡುಗಡೆಯ ದಿನಕ್ಕಾಗಿ ಕಾದು ಕೂತಿದ್ದರು. ಮರು ತಿಂಗಳು ಮೆಟಾಕ್ರಿಟಿಕ್ ಹೊಸ ನಿಯಮ ತಂದಿತು: ಯಾವುದೇ ಗೇಮ್ ಬಿಡುಗಡೆಯಾದ 36 ಗಂಟೆಯವರೆಗೆ ಸಾರ್ವಜನಿಕರು ಅಂಕ ಕೊಡುವಂತಿಲ್ಲ. ‘ಮೊದಲು ಆಡಿ, ಆಮೇಲೆ ಹೇಳಿ’ ಎಂಬ ಹಿರಿಯರ ಬುದ್ಧಿವಾದವನ್ನು ಗಡಿಯಾರಕ್ಕೆ ಒಪ್ಪಿಸಿದಂತಾಯಿತು.

ಹೊಸ್ತಿಲಲ್ಲಿ ಸೋತವರು

ಹಾಗೆಂದು ಅರ್ಧದಲ್ಲಿ ಹೇಳಿದ ಮಾತೆಲ್ಲ ಪೊಳ್ಳೇ? ಇಲ್ಲ ಎನ್ನಲು ‘ಎಲ್ಡನ್ ರಿಂಗ್’ ಸಾಕ್ಷಿ.

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಮಾಡಿದ ಈ ಆಟ 2022ರಲ್ಲಿ ಬಂದಿತ್ತು. ಕಷ್ಟದ ಆಟ ಎಂಬುದೇ ಅದರ ಹೆಗ್ಗಳಿಕೆ. 2024ರ ಜೂನ್ 21ರಂದು ಅದರ ಮುಂದುವರಿದ ಭಾಗ ‘ಶ್ಯಾಡೊ ಆಫ್ ದಿ ಎರ್ಡ್‌ಟ್ರೀ’ ಬಂದಾಗ ವಿಮರ್ಶಕರು ಕೈತುಂಬ ಅಂಕ ಕೊಟ್ಟರು. ಸ್ಟೀಮ್‌ನಲ್ಲಿ ಮಾತ್ರ ‘ಮಿಶ್ರ’ ಪಟ್ಟಿ. ದೂರು ಎರಡು: ಕಂಪ್ಯೂಟರ್‌ನಲ್ಲಿ ಆಟ ತೊದಲುತ್ತದೆ, ಶತ್ರುಗಳು ವಿಪರೀತ ಬಲಿಷ್ಠರು, ಎರಡೇ ಏಟಿಗೆ ಕಥೆ ಮುಗಿಯುತ್ತದೆ.

‘ಆಡಲು ಬರದವರ ಗೊಣಗಾಟ’ ಎಂದು ತಳ್ಳಿಹಾಕುವಂತಿರಲಿಲ್ಲ. ಮೂಲ ಆಟದ ರಾಡಾನ್, ಮೋಗ್ ಎಂಬ ಇಬ್ಬರು ಘಟಾನುಘಟಿಗಳನ್ನು ಸೋಲಿಸಿದವರಿಗಷ್ಟೇ ಹೊಸ ಭಾಗದ ಬಾಗಿಲು ತೆರೆಯುತ್ತದೆ. ಅಂದರೆ ದೂರು ಕೊಟ್ಟವರೆಲ್ಲ ಪಳಗಿದ ಕೈಗಳು. ತೊಡಕು ಇದ್ದದ್ದು ಬೇರೆ ಕಡೆ. ಹೊಸ ಪ್ರದೇಶದ ಮೂಲೆಮೂಲೆಗಳಲ್ಲಿ ಕೆಲವು ಚೂರುಗಳು ಸಿಗುತ್ತವೆ. ಅವನ್ನು ಕೂಡಿಸಿದಷ್ಟೂ ಆಟಗಾರನ ಬಲ ಏರುತ್ತದೆ. ಹಳೆಯ ಬಲವೇ ಸಾಕೆಂದುಕೊಂಡು ನೇರವಾಗಿ ಬಾಸ್ ಎಂಬ ದೊಡ್ಡ ಶತ್ರುವಿನ ಮುಂದೆ ಹೋಗಿ ನಿಂತವರು ಏಟು ತಿಂದರು. ಪ್ರಕಾಶಕರು ಮೊದಲು ‘ಚೂರುಗಳನ್ನು ಕೂಡಿಸಿಕೊಳ್ಳಿ’ ಎಂದು ನೆನಪಿಸಿದರು. ಕೆಲವೇ ದಿನಗಳಲ್ಲಿ ಬಂದ ತಿದ್ದುಪಡಿಯಲ್ಲಿ ಮೊದಮೊದಲ ಚೂರುಗಳಿಂದ ಸಿಗುವ ಬಲವನ್ನು ಹೆಚ್ಚಿಸಿದರು.

ಇಡೀ ಆಟ ಮುಗಿಸಿದ ವಿಮರ್ಶಕರಿಗೆ ಈ ಹೊಸ್ತಿಲಿನ ನೋವು ಅಷ್ಟಾಗಿ ನೆನಪಿರಲಿಲ್ಲ. ಹೊಸ್ತಿಲಲ್ಲೇ ನಿಂತವರಿಗೆ ಅದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎರಡು ಮಾತೂ ನಿಜವೇ. ಆಡುತ್ತಿರುವವನ ಅಭಿಪ್ರಾಯ ತೀರ್ಪಲ್ಲ, ತಾನು ನಿಂತ ಜಾಗದಿಂದ ಕಳಿಸಿದ ವರದಿ. ಎಲ್ಲಿಂದ ಬಂದ ವರದಿ ಎಂದು ತಿಳಿದರೆ ಮಾತ್ರ ಅದಕ್ಕೆ ಬೆಲೆ.

ಮುಗಿಯದ ಆಟಕ್ಕೂ ದುಡ್ಡು

ಈ ವರದಿಯ ಬೆಲೆ ಅರಿತ ತಯಾರಕರು ಅದನ್ನೇ ಕೆಲಸದ ಕ್ರಮ ಮಾಡಿಕೊಂಡಿದ್ದಾರೆ. 2013ರ ಮಾರ್ಚ್‌ನಲ್ಲಿ ಸ್ಟೀಮ್ ‘ಅರ್ಲಿ ಆಕ್ಸೆಸ್’ ಎಂಬ ಏರ್ಪಾಟು ಶುರುಮಾಡಿತು. ಆಟ ಇನ್ನೂ ತಯಾರಾಗುತ್ತಿರುವಾಗಲೇ ಗಿರಾಕಿ ದುಡ್ಡು ಕೊಟ್ಟು ಆಡಬಹುದು. ಅದು ಕೆಟ್ಟು ನಿಲ್ಲಬಹುದು, ಕಥೆ ಅರ್ಧದಲ್ಲೇ ಕಡಿದುಹೋಗಬಹುದು. ಗಿರಾಕಿಯೇ ಪರೀಕ್ಷಕ.

ಬೆಲ್ಜಿಯಂನ ಲೇರಿಯನ್ ಸ್ಟುಡಿಯೊ ‘ಬಾಲ್ಡರ್ಸ್ ಗೇಟ್ 3’ ಆಟದ ಕಥೆಯ ಮೊದಲ ಅಂಕವನ್ನು ಮಾತ್ರ 2020ರ ಅಕ್ಟೋಬರ್‌ನಲ್ಲಿ ಹೀಗೆ ಮಾರಾಟಕ್ಕಿಟ್ಟಿತು. ಸುಮಾರು ಮೂರು ವರ್ಷ ಜನ ಅದೇ ಅಂಕವನ್ನು ಮತ್ತೆ ಮತ್ತೆ ಆಡಿದರು, ಬೈದರು, ಸಲಹೆ ಕೊಟ್ಟರು. 2023ರ ಆಗಸ್ಟ್‌ನಲ್ಲಿ ಪೂರ್ತಿ ಆಟ ಬಂದಾಗ ಪ್ರಶಸ್ತಿಗಳ ಸುರಿಮಳೆಯಾಯಿತು. ಆದರೂ ತೊದಲುವಿಕೆ, ದೋಷಗಳ ದೂರು ಹೆಚ್ಚು ಕೇಳಿಬಂದದ್ದು ಕೊನೆಯ ಅಂಕದ ಬಗ್ಗೆ. ಜನರ ಕೈ ಮೂರು ವರ್ಷ ಆಡಿದ ಕಡೆ ನುಣುಪು, ಆಡದ ಕಡೆ ಒರಟು.

ಅಮೆರಿಕದ ಸೂಪರ್‌ಜಯಂಟ್ ಗೇಮ್ಸ್ ಸಂಸ್ಥೆಯ ‘ಹೇಡೀಸ್’ 2018ರ ಡಿಸೆಂಬರ್‌ನಿಂದ 2020ರ ಸೆಪ್ಟೆಂಬರ್‌ವರೆಗೆ ಇದೇ ದಾರಿಯಲ್ಲಿ ಬೆಳೆಯಿತು. ಗ್ರೀಕ್ ಪಾತಾಳಲೋಕದಿಂದ ತಪ್ಪಿಸಿಕೊಳ್ಳುವ ಕಥೆ ಅದು. ಸತ್ತರೆ ಮತ್ತೆ ಮೊದಲಿನಿಂದ ಶುರು. ಹೀಗೆ ಮತ್ತೆ ಮತ್ತೆ ಆಡಿಸುವ ಆಟ ಎಲ್ಲಿ ಬೇಸರ ತರಿಸುತ್ತದೆ ಎಂದು ಹೇಳಬಲ್ಲವರು ಮತ್ತೆ ಮತ್ತೆ ಆಡಿದವರೇ.

ಈ ಪದ್ಧತಿಯಲ್ಲಿ ಮೋಸವೂ ಇದೆ. ದುಡ್ಡು ಬಂದ ಮೇಲೆ ತಯಾರಕರು ಕೈಬಿಟ್ಟ ಆಟಗಳು ಬೇಕಾದಷ್ಟಿವೆ. ಮುಂದೆ ಚೆನ್ನಾಗಿ ಆಗುತ್ತದೆ ಎಂಬ ಭರವಸೆಯನ್ನು ಕೊಂಡುಕೊಳ್ಳಬೇಡಿ, ಈಗ ಇರುವುದಕ್ಕೆ ದುಡ್ಡು ಕೊಡಿ ಎಂದು ಅನುಭವಿಗಳು ಹೇಳುವುದು ಅದಕ್ಕೇ.

ಬೈಗುಳ ತಿಂದು ಬೆಳೆದ ಆಟ

ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಹಲೋ ಗೇಮ್ಸ್ ಒಂದು ಚಿಕ್ಕ ಸಂಸ್ಥೆ. ಅದರ ಮುಖ್ಯಸ್ಥ ಶಾನ್ ಮರ್ರೆ ‘ನೋ ಮ್ಯಾನ್ಸ್ ಸ್ಕೈ’ ಆಟದ ಬಗ್ಗೆ ಹೇಳಿದ ಮಾತುಗಳು ಆಕಾಶ ಮುಟ್ಟಿದ್ದವು. 64 ಎರಡುಗಳನ್ನು ಒಂದಕ್ಕೊಂದು ಗುಣಿಸಿದಷ್ಟು ಗ್ರಹಗಳು, ಅಂದರೆ 18ರ ಮುಂದೆ 18 ಸೊನ್ನೆ ಹಾಕಿದರೂ ಮೀರುವ ಸಂಖ್ಯೆ. 2016ರ ಆಗಸ್ಟ್‌ನಲ್ಲಿ ಆಟ ಬಂದಾಗ ಗ್ರಹಗಳೇನೋ ಇದ್ದವು. ಅಲ್ಲಿ ಮಾಡಲು ಕೆಲಸವಿರಲಿಲ್ಲ. ಮೊದಲ ದಿನವೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲಿಲ್ಲ. ಆಟಗಾರರು ಪರಸ್ಪರ ಭೇಟಿಯಾಗಬಹುದು ಎಂದು ನಂಬಿಸಿದ್ದು ಸುಳ್ಳಾಯಿತು ಎಂದು ಜನ ಮುಗಿಬಿದ್ದರು. ದೂರು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯ ತನಕ ಹೋಯಿತು. ಸಂಸ್ಥೆ ಅದನ್ನು ಎತ್ತಿಹಿಡಿಯಲಿಲ್ಲ.

ಹಲೋ ಗೇಮ್ಸ್ ವಾದಕ್ಕಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡು ಕೆಲಸ ಮಾಡಿತು. ನವೆಂಬರ್‌ನಲ್ಲಿ ನೆಲೆ ಕಟ್ಟಿಕೊಳ್ಳುವ ಸೌಲಭ್ಯ ಬಂತು. 2018ರ ಜುಲೈನಲ್ಲಿ ಗೆಳೆಯರು ನಿಜವಾಗಿಯೂ ಒಬ್ಬರಿಗೊಬ್ಬರು ಕಾಣುವಂತಾಯಿತು. ಆಮೇಲೂ ವರ್ಷ ವರ್ಷ ದೊಡ್ಡ ದೊಡ್ಡ ಸೇರ್ಪಡೆಗಳು ಬಂದವು, ಎಲ್ಲವೂ ಉಚಿತ. ಒಂದು ಕಾಲಕ್ಕೆ ಕಡುಕೆಂಪಾಗಿದ್ದ ಸ್ಟೀಮ್ ಪಟ್ಟಿ ಎಂಟು ವರ್ಷಗಳ ಬಳಿಕ, 2024ರಲ್ಲಿ, ‘ಬಹಳ ಮೆಚ್ಚುಗೆ’ಯ ಹಂತಕ್ಕೆ ಏರಿತು. 2016ರ ವಿಮರ್ಶೆ ಓದಿ ಇವತ್ತು ಆಟದ ಬಗ್ಗೆ ತೀರ್ಮಾನಿಸಿದರೆ ಈಗ ಇಲ್ಲದ ಆಟದ ಬಗ್ಗೆ ತೀರ್ಮಾನಿಸಿದ ಹಾಗೆ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ‘ಸೈಬರ್‌ಪಂಕ್ 2077’ ಇನ್ನೊಂದು ಪಾಠ ಹೇಳುತ್ತದೆ. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರ್ ಪ್ರತಿ ಮಾತ್ರ. ಒಳ್ಳೆಯ ಅಂಕಗಳೇ ಬಂದವು. 2020ರ ಡಿಸೆಂಬರ್ 10ರಂದು ಹಳೆಯ ಪ್ಲೇಸ್ಟೇಷನ್ 4ರಲ್ಲಿ ಹಾಕಿಕೊಂಡವರಿಗೆ ಕಂಡದ್ದು ಮುಖವೇ ಮೂಡದ ಮನುಷ್ಯರು, ಪದೇ ಪದೇ ಸ್ತಬ್ಧವಾಗುವ ಪರದೆ. ಎಂಟು ದಿನಗಳಲ್ಲಿ ಪ್ಲೇಸ್ಟೇಷನ್ ತಯಾರಿಸುವ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದು ಹಣ ವಾಪಸ್ ಕೊಟ್ಟಿತು. ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನ ದೊಡ್ಡ ಪರಿಷ್ಕರಣೆಯ ಬಳಿಕ ಆಟದ ಹೆಸರು ಸುಧಾರಿಸಿತು. ‘ಆಟ ಹೇಗಿದೆ’ ಎಂದರೆ ಸಾಲದು, ‘ಯಾವುದರಲ್ಲಿ ಆಡಿದೆ’ ಎಂದೂ ಕೇಳಬೇಕು.

ಅಭಿಪ್ರಾಯವೋ, ಮುಷ್ಕರವೋ?

ಆಟಗಾರರ ಮಾತಿಗೆ ಬಲವಿದೆ ಎಂದು ಗೊತ್ತಾದ ಮೇಲೆ ಅದನ್ನು ಅಸ್ತ್ರವಾಗಿಯೂ ಬಳಸುತ್ತಾರೆ. ಗುಂಪುಗೂಡಿ ಒಂದೇ ಸಲ ಕೆಟ್ಟ ಅಂಕ ಸುರಿಯುವುದಕ್ಕೆ ‘ರಿವ್ಯೂ ಬಾಂಬಿಂಗ್’ ಎಂದು ಹೆಸರು.

ಸ್ವೀಡನ್ನಿನ ಆ್ಯರೋಹೆಡ್ ಸ್ಟುಡಿಯೊದ ‘ಹೆಲ್‌ಡೈವರ್ಸ್ 2’ ಆಟ 2024ರ ಫೆಬ್ರುವರಿಯಲ್ಲಿ ಬಂದು ಜನಪ್ರಿಯವಾಗಿತ್ತು. ಮೇ 3ರಂದು ಪ್ರಕಾಶಕ ಸೋನಿ, ಕಂಪ್ಯೂಟರ್‌ನಲ್ಲಿ ಆಡುವವರೂ ಇನ್ನು ಮುಂದೆ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕು ಎಂದಿತು. ಅಂಥ ಖಾತೆ ತೆರೆಯಲು ಅವಕಾಶವೇ ಇಲ್ಲದ ದೇಶಗಳಲ್ಲೂ ಆಟ ಮಾರಾಟವಾಗಿತ್ತು. ಅಲ್ಲಿಯವರು ದುಡ್ಡು ಕೊಟ್ಟ ಆಟವನ್ನೇ ಕಳೆದುಕೊಳ್ಳಬೇಕಾಗಿತ್ತು. ಎರಡು ಲಕ್ಷಕ್ಕೂ ಹೆಚ್ಚು ಹೆಬ್ಬೆರಳು ಕೆಳಗಿಳಿದವು. ಮೂರೇ ದಿನದಲ್ಲಿ ಸೋನಿ ನಿರ್ಧಾರ ಕೈಬಿಟ್ಟಿತು. ಹೆಬ್ಬೆರಳು ಇಳಿಸಿದವರಲ್ಲಿ ಅನೇಕರು ಅದೇ ಆಟವನ್ನು ನೂರಾರು ಗಂಟೆ ಆಡಿ ಮೆಚ್ಚಿದವರು. ಅದು ಆಟದ ವಿಮರ್ಶೆಯಾಗಿರಲಿಲ್ಲ, ಮುಷ್ಕರವಾಗಿತ್ತು. ಮುಷ್ಕರಕ್ಕೆ ಸಕಾರಣವೂ ಇತ್ತು.

ಎಲ್ಲ ಸಲ ಹಾಗಿರುವುದಿಲ್ಲ. ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ ‘ಫೌಜಿ’ ಆಟದ ಕಥೆ ನೋಡಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಆಟವೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನಕ್ಕೆ ನಟ ಅಕ್ಷಯ್ ಕುಮಾರ್ ‘ಫೌಜಿ’ ಘೋಷಿಸಿದರು. ಪಬ್‌ಜಿಗೆ ಬದಲಿ ಬಂತು ಎಂದು ಜನ ಅಂದುಕೊಂಡರು. 2021ರ ಗಣರಾಜ್ಯೋತ್ಸವದಂದು ಬಂದದ್ದು ಗಲ್ವಾನ್ ಕಣಿವೆಯಲ್ಲಿ ನಡೆಯುವ, ಒಬ್ಬರೇ ಆಡುವ, ಮುಖಾಮುಖಿ ಹೊಡೆದಾಟದ ಆಟ. ನೂರು ಜನರ ಗುಂಡಿನ ಕಾಳಗ ನಿರೀಕ್ಷಿಸಿದವರು ರೊಚ್ಚಿಗೆದ್ದರು. ಪ್ಲೇ ಸ್ಟೋರ್‌ನಲ್ಲಿ ಐದಕ್ಕೆ ನಾಲ್ಕು ದಾಟಿದ್ದ ಅಂಕ ಕೆಲವೇ ದಿನಗಳಲ್ಲಿ ಮೂರರ ಆಸುಪಾಸಿಗೆ ಇಳಿಯಿತು. ಆಟದಲ್ಲಿ ಕೊರತೆಗಳಿದ್ದವು, ನಿಜ. ಆದರೆ ಒಂದು ನಕ್ಷತ್ರ ಕೊಟ್ಟವರಲ್ಲಿ ಅನೇಕರ ತಕರಾರು ಇದ್ದ ಆಟದ ಮೇಲಲ್ಲ, ಇರಬೇಕಿದ್ದ ಆಟ ಅದಲ್ಲ ಎಂಬುದರ ಮೇಲೆ.

ಇಂಥ ದಾಳಿ ಗಿರಾಕಿಗೆ ಕಾಣಲೆಂದು ಸ್ಟೀಮ್ 2017ರಲ್ಲಿ ವಿಮರ್ಶೆಗಳ ಏರಿಳಿತವನ್ನು ಕಂಬಗಳಲ್ಲಿ ತೋರಿಸಲು ಶುರುಮಾಡಿತು. ಒಂದು ವಾರ ಇದ್ದಕ್ಕಿದ್ದಂತೆ ಕೆಂಪು ಕಂಬ ಎದ್ದರೆ ಏನೋ ನಡೆದಿದೆ ಎಂದು ಗಿರಾಕಿ ಊಹಿಸಬಹುದು. 2019ರಿಂದ, ಆಟಕ್ಕೆ ಸಂಬಂಧವಿಲ್ಲದ ಜಗಳದಿಂದ ಬಂದ ವಿಮರ್ಶೆಗಳನ್ನು ಗುರುತಿಸಿ ಲೆಕ್ಕದಿಂದ ಹೊರಗಿಡುವ ವ್ಯವಸ್ಥೆಯೂ ಇದೆ.

ದುಡ್ಡು ಕೊಟ್ಟು ಹೇಳಿಸಿದ ಮಾತು

ಓದುವುದಕ್ಕಿಂತ ನೋಡುವುದು ಸುಲಭ. ಯೂಟ್ಯೂಬ್, 2011ರಲ್ಲಿ ಶುರುವಾದ ಟ್ವಿಚ್ ಇವುಗಳಲ್ಲಿ ಆಟಗಾರರು ನೇರಪ್ರಸಾರದಲ್ಲಿ ಆಡುತ್ತಲೇ ಮಾತಾಡುತ್ತಾರೆ. ಸೋತಾಗ ಹಾಕುವ ಕೂಗು ಬರೆದ ವಿಮರ್ಶೆಗಿಂತ ಪ್ರಾಮಾಣಿಕ. ‘ಅಮಾಂಗ್ ಅಸ್’ ಎಂಬ ಪುಟ್ಟ ಆಟ 2018ರಲ್ಲಿ ಬಂದಾಗ ಕೇಳುವವರಿರಲಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ನೇರಪ್ರಸಾರದ ಆಟಗಾರರು ಅದನ್ನು ಕೈಗೆತ್ತಿಕೊಂಡು ಪರಸ್ಪರ ಸುಳ್ಳು ಹೇಳಿ ನಗುವುದನ್ನು ನೋಡಿ ಜಗತ್ತೇ ಆಡಿತು. ತಯಾರಾಗುತ್ತಿದ್ದ ಎರಡನೇ ಭಾಗವನ್ನು ಕೈಬಿಟ್ಟು ಮೊದಲನೆಯದನ್ನೇ ಸುಧಾರಿಸುವುದಾಗಿ ತಯಾರಕರು ಪ್ರಕಟಿಸಿದರು.

ಇದೇ ದಾರಿಯಲ್ಲಿ ಜಾಹೀರಾತೂ ಬರುತ್ತದೆ. ‘ಶ್ಯಾಡೊ ಆಫ್ ಮೊರ್ಡೊರ್’ ಎಂಬ 2014ರ ಆಟವನ್ನು ಹೊಗಳಲು ಯೂಟ್ಯೂಬ್ ತಾರೆಯರಿಗೆ ದುಡ್ಡು ಕೊಟ್ಟು, ಅದನ್ನು ನೋಡುಗರಿಗೆ ಸರಿಯಾಗಿ ತಿಳಿಸಲಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವಾರ್ನರ್ ಬ್ರದರ್ಸ್ ಕಂಪನಿಯ ಮೇಲೆ ಆರೋಪ ಹೊರಿಸಿತು. 2016ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಭಾರತದಲ್ಲೂ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಪ್ರಭಾವಿಗಳಿಗೆ ಮಾರ್ಗಸೂಚಿ ತಂದಿದೆ. ದುಡ್ಡು ಅಥವಾ ಉಡುಗೊರೆ ಪಡೆದು ಮಾತಾಡಿದರೆ ಹಾಗೆಂದು ಎದ್ದುಕಾಣುವಂತೆ ಹೇಳಬೇಕು.

ಮೊಬೈಲ್ ಆಟಗಳ ಚಾಲಾಕಿತನ ಇನ್ನೂ ನವಿರು. ‘ನಮಗೆ ಐದು ನಕ್ಷತ್ರ ಕೊಡುವಿರಾ?’ ಎಂಬ ಚೌಕ ಯಾವಾಗ ಏಳುತ್ತದೆ ಎಂದು ಗಮನಿಸಿ. ಸಾಮಾನ್ಯವಾಗಿ ನೀವು ಹಂತ ಗೆದ್ದು, ಪರದೆಯ ಮೇಲೆ ನಾಣ್ಯ ಸುರಿಯುತ್ತಿರುವಾಗ. ಸೋತು ಹಲ್ಲು ಕಡಿಯುವಾಗ ಯಾರೂ ಅಭಿಪ್ರಾಯ ಕೇಳುವುದಿಲ್ಲ.

ಹೇಳದೆಯೂ ಗೊತ್ತಾಗುವುದು

ಆಟಗಾರನ ಮಾತನ್ನು ತಯಾರಕರು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ‘ಈ ಬಂದೂಕು ಸರಿಯಿಲ್ಲ’ ಎಂದವನಿಗೆ ಅಸಮಾಧಾನವಾಗಿದೆ ಎಂಬುದು ಖಚಿತ. ಕಾರಣ ಬಂದೂಕೇ ಎಂಬುದು ಖಚಿತವಲ್ಲ. ಗುಂಡಿನ ಸದ್ದು ಸಪ್ಪೆಯಾಗಿರಬಹುದು, ಶತ್ರು ಕತ್ತಲಲ್ಲಿ ಕಾಣದೆ ಹೋಗಿರಬಹುದು.

ಸ್ಟೀಮ್ ನಡೆಸುವ ವಾಲ್ವ್ ಕಂಪನಿಯೇ ಇದನ್ನು ಬಲು ಹಿಂದೆ ಕಂಡುಕೊಂಡಿತ್ತು. 1998ರ ‘ಹಾಫ್-ಲೈಫ್’ ಆಟ ತಯಾರಾಗುವಾಗ ಹೊರಗಿನವರನ್ನು ಕರೆದು ಆಡಲು ಕೂರಿಸುತ್ತಿದ್ದರು. ಮಾಡಿದವರು ಹಿಂದೆ ಕೂತು ನೋಡಬೇಕು, ತುಟಿ ಪಿಟಕ್ಕೆನ್ನುವಂತಿಲ್ಲ. ‘ಅಲ್ಲೇ ಬಾಗಿಲಿದೆ’ ಎಂದು ಕೂಗಬೇಕೆನಿಸಿದರೂ ಸುಮ್ಮನಿರಬೇಕು. ಎರಡು ಗಂಟೆಯ ಒಂದು ಕೂಟದಿಂದ ತಿದ್ದಬೇಕಾದ ನೂರರಷ್ಟು ಅಂಶಗಳು ಸಿಗುತ್ತಿದ್ದವು.

ಈಗ ಹಿಂದೆ ಕೂರುವ ಕೆಲಸವನ್ನು ಅಂತರ್ಜಾಲ ಮಾಡುತ್ತದೆ. ಯಾವ ಹಂತದಲ್ಲಿ ಎಷ್ಟು ಜನ ಸತ್ತರು, ಎಲ್ಲಿ ಆಟ ಮುಚ್ಚಿ ಎದ್ದುಹೋದರು, ಯಾವ ಆಯುಧವನ್ನು ಯಾರೂ ಮುಟ್ಟಲಿಲ್ಲ ಎಂಬ ಲೆಕ್ಕ ಸಂಸ್ಥೆಗೆ ಹೋಗುತ್ತಿರುತ್ತದೆ. ಎಲ್ಲಿ ಬಿಟ್ಟರು ಎಂದು ಆ ಲೆಕ್ಕ ಹೇಳುತ್ತದೆ. ಏಕೆ ಬಿಟ್ಟರು ಎಂದು ಹೇಳಲು ಮನುಷ್ಯನೇ ಬಾಯಿಬಿಡಬೇಕು.

ಕನ್ನಡದಲ್ಲಿ ಹೇಳಿದರೆ?

ಇಲ್ಲಿ ನಮ್ಮದೊಂದು ಕೊರತೆಯಿದೆ. ಕನ್ನಡದ ಹುಡುಗ ಹುಡುಗಿಯರು ಆಟದ ಬಗ್ಗೆ ಧಾರಾಳವಾಗಿ ಮಾತಾಡುತ್ತಾರೆ: ವಾಯ್ಸ್ ಚಾಟ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಕನ್ನಡದ ಗೇಮಿಂಗ್ ಯೂಟ್ಯೂಬರ್‌ಗಳ ನೇರಪ್ರಸಾರದ ಕಾಮೆಂಟುಗಳಲ್ಲಿ. ಆದರೆ ಬರೆಯುವಾಗ ಬಹುತೇಕರು ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿ ಸುಮ್ಮನಾಗುತ್ತಾರೆ. ಹಾಗಾಗಿ ಆ ರುಚಿಕಟ್ಟಾದ ಮಾತೆಲ್ಲ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

2025ರ ಆಗಸ್ಟ್‌ನಲ್ಲಿ ಸ್ಟೀಮ್ ದೊಡ್ಡ ಆಟಗಳಿಗೆ ಭಾಷಾವಾರು ಅಂಕ ತೋರಿಸಲು ಶುರುಮಾಡಿತು. ಅನುವಾದ ಕೆಟ್ಟಿದ್ದರೆ ಆ ಭಾಷೆಯವರ ಅಂಕ ಮಾತ್ರ ಇಳಿದು ತಯಾರಕರಿಗೆ ಸೂಚನೆ ಸಿಗುತ್ತದೆ. ಕನ್ನಡಕ್ಕೆ ಅಂಥ ಅಂಕ ಸಿಗುವ ಸ್ಥಿತಿ ಇನ್ನೂ ಬಂದಿಲ್ಲ. ಆದರೆ ಪ್ಲೇ ಸ್ಟೋರ್‌ನಲ್ಲಿ ಕನ್ನಡದಲ್ಲೇ ಬರೆಯಲು ಯಾವ ಅಡ್ಡಿಯೂ ಇಲ್ಲ.

ಕೇಳಿಸಿಕೊಳ್ಳುವವರೂ ದೂರವಿಲ್ಲ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ದೇಶದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲೊಂದು. 2019ರಲ್ಲಿ ಅದನ್ನು ಕೊಂಡದ್ದು ‘ಜಿಟಿಎ’ ಖ್ಯಾತಿಯ ರಾಕ್‌ಸ್ಟಾರ್ ಗೇಮ್ಸ್. ಜಗತ್ತು ಆಡುವ ಆಟಗಳ ಕೆಲಸ ಇಲ್ಲಿಯ ಮೇಜುಗಳ ಮೇಲೂ ನಡೆಯುತ್ತಿದೆ.

ಕೇಳುವಾಗ, ಹೇಳುವಾಗ

ಆಟ ಕೊಳ್ಳುವ ಮುನ್ನ ಅಭಿಪ್ರಾಯ ನೋಡುವವರು ಒಟ್ಟು ಅಂಕವನ್ನಷ್ಟೇ ನಂಬಬಾರದು. ಕಳೆದ ತಿಂಗಳ ವಿಮರ್ಶೆಗಳನ್ನು ಓದಿ. ಎಷ್ಟು ಗಂಟೆ ಆಡಿ ಬರೆದದ್ದು ಎಂದು ನೋಡಿ. ನಿಮ್ಮಲ್ಲಿರುವಂಥದೇ ಫೋನು ಅಥವಾ ಕಂಪ್ಯೂಟರ್ ಇರುವವರ ಮಾತಿಗೆ ಹೆಚ್ಚು ಕಿವಿಗೊಡಿ. ಹೊಗಳಿಕೆಗಿಂತ ದೂರುಗಳನ್ನು ಮೊದಲು ಓದುವುದು ಲಾಭ. ‘ಕಥೆ ನಿಧಾನ’ ಎಂಬ ದೂರು ನಿಧಾನವನ್ನು ಮೆಚ್ಚುವವರಿಗೆ ಶಿಫಾರಸೇ ಆಗಬಹುದು.

ಹೇಳುವವರು ನಾಲ್ಕು ವಿಷಯ ಸೇರಿಸಿದರೆ ಸಾಕು: ಎಲ್ಲಿಯವರೆಗೆ ಆಡಿದ್ದೇನೆ, ಯಾವುದರಲ್ಲಿ ಆಡುತ್ತಿದ್ದೇನೆ, ಯಾವ ಗಳಿಗೆಯಲ್ಲಿ ಖುಷಿಯಾಯಿತು, ಯಾವ ಗಳಿಗೆಯಲ್ಲಿ ಬಿಟ್ಟು ಏಳಬೇಕೆನಿಸಿತು. ಕಥೆಯ ಗುಟ್ಟು ಬಿಚ್ಚಿಡದೆಯೂ ಇಷ್ಟನ್ನು ಹೇಳಬಹುದು. ಹತ್ತು ಗಂಟೆಯಲ್ಲಿ ಹೇಳಿದ್ದನ್ನು ಐವತ್ತನೇ ಗಂಟೆಯಲ್ಲಿ ಬದಲಿಸಬೇಕಾಗಿ ಬಂದರೆ ನಾಚಿಕೆಪಡಬೇಕಿಲ್ಲ. ಅಷ್ಟರಲ್ಲಿ ಆಟವೇ ಬದಲಾಗಿರಬಹುದು.

ಪೂರ್ತಿ ಮುಗಿಸದೆ ಬಾಯಿ ಬಿಡಬಾರದು ಎಂಬ ಕಟ್ಟಳೆ ಬದಲಾಗದ ಕೃತಿಗಳಿಗೆ ಸರಿ. ದಿನದಿನ ತಿದ್ದಿಕೊಳ್ಳುವ ಆಟಕ್ಕೆ ಅದನ್ನು ಹೇರಿದರೆ ನಷ್ಟ ಎಲ್ಲರದು: ಮುಗಿಸಿದವರು ಮಾತಾಡುವ ಹೊತ್ತಿಗೆ, ಅರ್ಧದಲ್ಲಿ ಎಡವಿದವರು ಏಕೆ ಎಡವಿದರೆಂದು ಕೇಳುವ ಕಾಲ ಮೀರಿರುತ್ತದೆ. ಅರ್ಧದಲ್ಲಿರುವವರು ಮಾತಾಡಲಿ. ಎಷ್ಟನೇ ಗಂಟೆಯ ಮಾತು ಎಂಬುದನ್ನು ಮಾತ್ರ ಜತೆಗೇ ಹೇಳಲಿ.